ಜೀವಕಣದ ಓಲೆಕಾರ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕನ್ನಡ ಪಂಡಿತರಿಗೆ ವಿಜ್ಞಾನದ ಗೊಡವೆಯೇಕೆ ಎಂದು ಕೆಲವರು ಕೇಳಬಹುದು. ಉಮರ್ಗಾ, ನಿಲಂಗಾ, ಉದಗೀರಗಳಲ್ಲಿ ನಮ್ಮ ಹಲವು ಮಕ್ಕಳು ಮನೆಯಲ್ಲಿ ಕನ್ನಡವಾಡಿ, ಶಾಲೆಯಲ್ಲಿ ಮರಾಠಿಯಲ್ಲಿ ಓದುತ್ತಾರೆ. ಕನ್ನಡವು ಹಾಡು ಹಬ್ಬಗಳಿಗೆ ಸಾಕು, ಶಾಸ್ತ್ರಕ್ಕೆ ಸಲ್ಲದು ಎಂಬ ಭಾವನೆ ಅವರಲ್ಲಿ ಬೇರೂರಿದರೆ ನುಡಿಗೆ ಉಳಿವಿಲ್ಲ. ಆದುದರಿಂದ ಇಂದು ಒಂದು ಶಾಸ್ತ್ರವಿಷಯವನ್ನೇ ಆರಿಸಿಕೊಂಡಿದ್ದೇವೆ.

ಹೆಪ್ಪು ಹಾಕಿದ ಹಾಲು ಬೆಳಗಾಗುವುದರೊಳಗೆ ಮೊಸರಾಗುತ್ತದೆ. ಇದು ಬ್ಯಾಕ್ಟೀರಿಯಗಳೆಂಬ ಅಣುಜೀವಿಗಳ ಕೆಲಸ. ಅವುಗಳಲ್ಲಿ ಪ್ರತಿಯೊಂದೂ ಒಂದೇ ಜೀವಕಣ. ಅದರ ಸುತ್ತ ಜಿಡ್ಡಿನ ತೆಳುವಾದ ಪೊರೆ. ಹಾಲಿನ ಸಕ್ಕರೆ ಈ ಪೊರೆಯನ್ನು ತಾನಾಗಿ ದಾಟಲಾರದು. ಪೊರೆಯಲ್ಲಿ ನಾಟಿಕೊಂಡಿರುವ ಪ್ರೋಟೀನುಗಳು ಅದನ್ನು ಒಳಕ್ಕೆ ಬರಮಾಡಿಕೊಳ್ಳುತ್ತವೆ. ಅವಿಲ್ಲದಿದ್ದರೆ ಅಣುಜೀವಿಗೆ ಆಹಾರವಿಲ್ಲ, ನಮಗೆ ಮೊಸರಿಲ್ಲ.

ಆದರೆ ಪ್ರೋಟೀನು ಹುಟ್ಟುವುದು ಕಣದ ಒಳಗೆ, ರೈಬೋಸೋಮ್ ಎಂಬ ಕಾರ್ಯಾಗಾರದಲ್ಲಿ. ಎಸ್ಚೆರಿಷಿಯ ಕೋಲೈ ಎಂಬ ಬ್ಯಾಕ್ಟೀರಿಯದಲ್ಲಿ ಸೆಕೆಂಡಿಗೆ 15-20 ಅಮೈನೋ ಆಮ್ಲಗಳು ಮಣಿಗಳಂತೆ ಸರವಾಗುತ್ತವೆ. ಪೊರೆಗೆ ಸೇರತಕ್ಕ ಸರದಲ್ಲಿ ನೀರನ್ನೊಲ್ಲದ ಭಾಗಗಳು ಹೆಚ್ಚು. ಕಣದ ಒಳಗಾದರೋ ನೀರೇ ನೀರು. ಪೂರ್ತಿಯಾದ ಮೇಲೆ ಕಳುಹಿಸೋಣವೆಂದರೆ ಸರವು ಮುದ್ದೆಗಟ್ಟಿ ಕೆಡುತ್ತದೆ.

ಪ್ರಕೃತಿಯ ಉಪಾಯವನ್ನು ನೋಡಿರಿ. ನೀರನ್ನೊಲ್ಲದ ಮೊದಲ ತುಣುಕೇ ವಿಳಾಸ. ಅದು ರೈಬೋಸೋಮಿನಿಂದ ಹೊರಗೆ ತಲೆಯಿಡುತ್ತಲೇ ಒಬ್ಬ ಓಲೆಕಾರನು ಹಿಡಿದುಕೊಳ್ಳುತ್ತಾನೆ. ಒಂದು ಪ್ರೋಟೀನು, 114 ಘಟಕಗಳ ಒಂದು ಆರ್.ಎನ್.ಎ.—ಇಷ್ಟೇ ಅವನ ದೇಹ. ಸಂಕೇತಗ್ರಾಹಿ ಎಂದು ಕರೆಯೋಣ. ಅವನು ಕೆಲಸ ನಡೆಯುತ್ತಿರುವ ರೈಬೋಸೋಮನ್ನೇ ಪೊರೆಯ ಬಳಿಗೊಯ್ಯುತ್ತಾನೆ. ಅಲ್ಲಿ ಮತ್ತೊಂದು ಪ್ರೋಟೀನು ಅವನನ್ನು ಎದುರುಗೊಂಡು, ಸರವನ್ನು 'ಸೆಕ್' ಎಂಬ ಬಾಗಿಲಿಗೆ ಒಪ್ಪಿಸಲು ನೆರವಾಗುತ್ತದೆ. ಬಾಗಿಲು ಪಕ್ಕಕ್ಕೆ ತೆರೆದು, ಪೋಣಿಸಿದಂತೆಲ್ಲ ಸರವನ್ನು ಪೊರೆಯೊಳಕ್ಕೆ ಇಳಿಸುತ್ತದೆ. ಜಿ.ಟಿ.ಪಿ. ಎಂಬ ಶಕ್ತಿದ್ರವ್ಯ ವ್ಯಯವಾಗಿ ಓಲೆಕಾರನು ಬಿಡುಗಡೆ ಹೊಂದುತ್ತಾನೆ. ಮುಂದಿನ ಓಲೆಗೆ ಹೊರಡುತ್ತಾನೆ. ಪೊರೆಯನ್ನು ದಾಟಿ ಹೊರಹೋಗುವ ಹಲವು ಪ್ರೋಟೀನುಗಳಿಗೆ ಬೇರೆ ಸಾಗಣೆದಾರರುಂಟು.

ಪ್ರೋಟೀನು ತನ್ನ ವಿಳಾಸವನ್ನು ತನ್ನಲ್ಲಿಯೇ ಹೊತ್ತಿರುತ್ತದೆಂದು ತೋರಿಸಿದ ಗುಂಟರ್ ಬ್ಲೋಬೆಲ್ ಅವರಿಗೆ 1999ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. 1936ರಲ್ಲಿ ಅವರು ಹುಟ್ಟಿದ ಊರು ಆಗ ಜರ್ಮನಿಯಲ್ಲಿತ್ತು. ಎರಡನೆಯ ಮಹಾಯುದ್ಧದ ಬಳಿಕ ಪೋಲೆಂಡಿಗೆ ಸೇರಿತು. 1956ರಲ್ಲಿ ಉದಗೀರ, ನಿಲಂಗಾಗಳು ಬೀದರ ಜಿಲ್ಲೆಯಿಂದ ಬೇರ್ಪಟ್ಟುದನ್ನು ಬಲ್ಲ ನಮಗೆ ಗಡಿ ಸರಿಯುವುದೆಂದರೇನೆಂದು ಹೇಳಬೇಕಾಗಿಲ್ಲ. ಗಡಿ ಸರಿದರೂ ವಿದ್ಯೆ ನಿಲ್ಲಬೇಕಾಗಿಲ್ಲ.

ಮರಾಠಿಯನ್ನು ಬಿಡಿರೆಂದು ನಾವು ಹೇಳುವುದಿಲ್ಲ. ಅದೂ ನಮ್ಮ ಅನ್ನದ ಭಾಷೆ. ಆದರೆ ಮಕ್ಕಳು ದೊಡ್ಡವರಾದ ಮೇಲೆ ಕನ್ನಡ ಕಲಿಸೋಣವೆಂದು ಕುಳಿತರೆ ಕಾಲ ಮೀರುತ್ತದೆ. ಬುದ್ಧಿ ಅರಳುತ್ತಿರುವಾಗಲೇ ಕಲಿಸಬೇಕು. ತಿಂಗಳಿಗೊಂದು ಸಂಜೆ, ಅವರ ಪಠ್ಯದ ಒಂದು ವಿಜ್ಞಾನಪಾಠವನ್ನು ಸಂಘವು ಕನ್ನಡದಲ್ಲಿ ಹೇಳಿಸಲಿ. ಮೊದಲನೆಯ ಪಾಠಕ್ಕೆ ನಾವು ಸಿದ್ಧರಿದ್ದೇವೆ.