ಅಂತೆ, ಕಂತೆ, ಕಂತು: ಮಡಚುವ ಐಫೋನ್‌ಗೆ ಕಾಯಬೇಕಾ?

  ಇವತ್ತು ಮಾತಾಡೋದು ಇನ್ನೂ ಬಾರದೇ ಇರೋ ಒಂದು ಫೋನಿನ ಬಗ್ಗೆ.

ಆ್ಯಪಲ್‌ನವರು ಮಡಚುವ ಐಫೋನ್ ತರ್ತಾರಂತೆ. 2026ರ ಸೆಪ್ಟೆಂಬರ್‌ಗಂತೆ. ಪುಸ್ತಕದ ಹಾಗೆ ತೆರೆಯುತ್ತಂತೆ. ಮಡಿಕೆಯ ಗೆರೆ ಕಾಣೋದೇ ಇಲ್ಲವಂತೆ. ಬೆಲೆ ಎರಡು ಸಾವಿರ ಡಾಲರ್ ದಾಟುತ್ತಂತೆ. ನಾನು ಈ ಮಾತಾಡುವ ಹೊತ್ತಿಗೆ ಕಂಪನಿ ಅಧಿಕೃತವಾಗಿ ಒಂದಕ್ಷರವನ್ನೂ ಹೇಳಿಲ್ಲ.

ಕನ್ನಡದ ಒಂದು ಒಳ್ಳೆ ಗುಣ ನೋಡಿ. ಕಣ್ಣಾರೆ ಕಂಡದ್ದಕ್ಕೂ ಯಾರೋ ಹೇಳಿದ್ದಕ್ಕೂ ಇರೋ ವ್ಯತ್ಯಾಸ ನಮ್ಮ ಕ್ರಿಯಾಪದದ ಬಾಲದಲ್ಲೇ ಇದೆ. 'ಬಂತು' ಬೇರೆ, 'ಬಂತಂತೆ' ಬೇರೆ. ಯೂಟ್ಯೂಬ್ ಥಂಬ್‌ನೇಲ್‌ಗಳಲ್ಲಿ ಆ ಬಾಲವನ್ನು ಕತ್ತರಿಸಿ ಹಾಕಿರ್ತಾರೆ. ಇವತ್ತು ನಾವು ಅದನ್ನು ಮತ್ತೆ ಅಂಟಿಸೋಣ. ಯಾಕಂದ್ರೆ ನಮ್ಮಂಥ ಸಂಬಳದಾರರಿಗೆ ಅಂತೆ ಕಂತೆಯ ಹಿಂದೆಯೇ ಇನ್ನೊಂದು ಪದ ಬರುತ್ತೆ, ಕಂತು.

ಮೊದಲೇ ಹೇಳಿಬಿಡ್ತೀನಿ, ಈ ಫೋನಿನ ಬಗ್ಗೆ ನನಗೂ ಕುತೂಹಲ ಇದೆ. ಅಂಗೈಯಲ್ಲಿ ಹಿಡಿಯುವ ಫೋನು ತೆರೆದ ಕೂಡಲೇ ಪುಟ್ಟ ಟ್ಯಾಬ್ ಆಗೋದು ಒಳ್ಳೆ ಕಲ್ಪನೆ. ಆದರೆ ಆಸೆ ಬೇರೆ, ಅಂದಾಜು ಬೇರೆ. ನಮ್ಮ ವೃತ್ತಿಯಲ್ಲಿ ಎಸ್ಟಿಮೇಟ್ ಕೊಡುವಾಗ ಮಾಡೋ ಹಾಗೆ ಎರಡನ್ನೂ ಬಿಡಿಸಿ ನೋಡೋಣ.

ಸುದ್ದಿ ಎಲ್ಲಿಂದ ಬರುತ್ತೆ?

ಫೋನಿನ ಗಾಳಿಸುದ್ದಿಗೆ ಮುಖ್ಯವಾಗಿ ಮೂರು ಮೂಲ. ಒಂದು, ಪೇಟೆಂಟ್ ಅರ್ಜಿಗಳು. ಎರಡು, ಬಿಡಿಭಾಗ ಮಾಡಿಕೊಡುವ ಕಾರ್ಖಾನೆಗಳ ಕಡೆಯಿಂದ ಸೋರುವ ಮಾಹಿತಿ. ಮೂರು, ಸರ್ಕಾರಿ ನೋಂದಣಿ. ನಮ್ಮ ದೇಶದಲ್ಲಿ ಮೊಬೈಲ್ ಮಾರಬೇಕಾದರೆ ಬಿಐಎಸ್ ನೋಂದಣಿ ಕಡ್ಡಾಯ. ಅಲ್ಲಿ ಹೊಸ ಮಾಡೆಲ್ ನಂಬರ್ ಕಂಡ ಕೂಡಲೇ ಸುದ್ದಿ ಆಗುತ್ತೆ.

ಇದನ್ನು ನಮ್ಮ ಆಫೀಸಿನ ಭಾಷೆಗೆ ತಂದರೆ ಸುಲಭ. ಪೇಟೆಂಟ್ ಅಂದ್ರೆ ಮೀಟಿಂಗ್‌ನಲ್ಲಿ ಯಾರೋ ವೈಟ್‌ಬೋರ್ಡ್ ಮೇಲೆ ಬರೆದ ಐಡಿಯಾ. ಕಾರ್ಖಾನೆಯ ಸುದ್ದಿ ಅಂದ್ರೆ ಪಿಒಸಿ. ಬಿಐಎಸ್ ಅಂದ್ರೆ ರಿಲೀಸ್‌ಗೆ ಮೊದಲಿನ ಟಿಕೆಟ್. ನಾವು ಮಾಡಿದ ಪಿಒಸಿಗಳಲ್ಲಿ ಎಷ್ಟು ಪ್ರೊಡಕ್ಷನ್‌ಗೆ ಹೋಗಿವೆ? ನಿಮ್ಮ ನಿಮ್ಮ ಅನುಭವ ನೆನಪಿಸಿಕೊಳ್ಳಿ. ನೋಂದಣಿ ಮಾತ್ರ ಸ್ವಲ್ಪ ಗಟ್ಟಿ ಸಾಕ್ಷಿ. ಆದರೆ ಅದರಲ್ಲೂ ಬೆಲೆ ಇರಲ್ಲ, ಬಿಡುಗಡೆಯ ದಿನ ಇರಲ್ಲ, ಕ್ಯಾಮೆರಾ ಹೇಗಿದೆ ಅಂತಲೂ ಇರಲ್ಲ.

ಸುದ್ದಿ ನಿಜ, ಫೋನು ಸುಳ್ಳು

ಹಳೇ ಉದಾಹರಣೆ ಒಂದಿದೆ. 2013ರ ನವೆಂಬರ್‌ನಲ್ಲಿ ಆ್ಯಪಲ್ ಅಮೆರಿಕದ ಜಿಟಿ ಅಡ್ವಾನ್ಸ್ಡ್ ಟೆಕ್ನಾಲಜೀಸ್ ಅನ್ನೋ ಕಂಪನಿ ಜೊತೆ ಒಪ್ಪಂದ ಮಾಡಿಕೊಂಡಿತು. 57.8 ಕೋಟಿ ಡಾಲರ್ ಮುಂಗಡ. ಅರಿಜೋನಾದ ಮೇಸಾ ಊರಲ್ಲಿ ನೀಲಮಣಿಯ ಗಾಜು, ಅಂದ್ರೆ ಸಫೈರ್, ತಯಾರಿಸೋ ದೊಡ್ಡ ಕಾರ್ಖಾನೆ. ಇದು ಗಾಳಿಮಾತಲ್ಲ, ಕಾಗದಪತ್ರ ಇದ್ದ ಒಪ್ಪಂದ. ಹಾಗಾಗಿ ಎಲ್ಲರೂ ಮುಂದಿನ ಐಫೋನಿಗೆ ಗೀರು ಬೀಳದ ಸಫೈರ್ ಪರದೆ ಅಂತ ತೀರ್ಮಾನಕ್ಕೆ ಬಂದರು.

2014ರ ಸೆಪ್ಟೆಂಬರ್ 9ಕ್ಕೆ ಐಫೋನ್ 6 ಬಂತು. ಪರದೆ ಮಾಮೂಲಿ ಗಾಜಿನದ್ದೇ. ಇನ್ನೂ ಒಂದು ತಿಂಗಳು ಆಗಿರಲಿಲ್ಲ, ಅಕ್ಟೋಬರ್ 6ಕ್ಕೆ ಜಿಟಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಬೇಕಾದ ಪ್ರಮಾಣದಲ್ಲಿ, ಬೇಕಾದ ಗುಣಮಟ್ಟದಲ್ಲಿ ಸಫೈರ್ ಮಾಡೋಕೆ ಅವರಿಂದ ಆಗಿರಲಿಲ್ಲ. ಒಪ್ಪಂದ ನಿಜ, ಕಾರ್ಖಾನೆ ನಿಜ, ದುಡ್ಡು ನಿಜ. ಫೋನು ಮಾತ್ರ ಸುಳ್ಳು. ಆದ್ದರಿಂದ ಪರದೆಗೆ ಆರ್ಡರ್ ಹೋಗಿದೆ, ಕೀಲಿಗೆ ಆರ್ಡರ್ ಹೋಗಿದೆ ಅನ್ನೋ ಸುದ್ದಿ ಓದಿದಾಗ ಅದು ನಿಜವೇ ಇರಬಹುದು ಅಂತ ಒಪ್ಪಿಕೊಂಡು, ಅಲ್ಲಿಗೇ ನಿಲ್ಲಿಸೋದು ಕ್ಷೇಮ.

2011ರದ್ದು ಇನ್ನೂ ತಮಾಷೆ. ಐಫೋನ್ 5 ಬರುತ್ತೆ, ಹಿಂಭಾಗ ಒಂದು ಕಡೆ ದಪ್ಪ ಒಂದು ಕಡೆ ತೆಳು ಇರುತ್ತೆ ಅಂತ ಸುದ್ದಿ ಹಬ್ಬಿತ್ತು. ಅದನ್ನು ನಂಬಿ ಕೆಲವರು ಕವರ್‌ಗಳನ್ನೇ ಮಾಡಿಬಿಟ್ಟಿದ್ದರು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರು ಅನ್ನೋ ಗಾದೆ ಅಕ್ಷರಶಃ ನಿಜವಾದದ್ದು ಅವತ್ತು. ಅಕ್ಟೋಬರ್ 4ಕ್ಕೆ ಬಂದದ್ದು ಐಫೋನ್ 4ಎಸ್, ಹಳೇ ಆಕಾರದಲ್ಲೇ. ಐಫೋನ್ 5 ಬರೋಕೆ ಮತ್ತೆ ಹನ್ನೊಂದು ತಿಂಗಳು ಹಿಡೀತು, ಆಗಲೂ ಆ ಆಕಾರ ಬರಲಿಲ್ಲ.

ವೇದಿಕೆ ಮೇಲೆ ಕಂಪನಿಯೇ ಹೇಳಿದರೆ ನಂಬಬಹುದಾ? ಅದೂ ಪೂರ್ತಿ ಅಲ್ಲ. ಏರ್‌ಪವರ್ ಅನ್ನೋ ಚಾರ್ಜಿಂಗ್ ಮ್ಯಾಟನ್ನು ಆ್ಯಪಲ್ 2017ರ ಸೆಪ್ಟೆಂಬರ್‌ನಲ್ಲಿ ತೋರಿಸಿ, 2019ರ ಮಾರ್ಚ್‌ನಲ್ಲಿ ಕೈಬಿಟ್ಟಿತು.

ಮಡಚೋದು ಯಾಕೆ ಕಷ್ಟ?

ಸ್ಯಾಮ್‌ಸಂಗ್ ಬಾಗುವ ಪರದೆಯನ್ನು 2013ರ ಸಿಇಎಸ್ ಪ್ರದರ್ಶನದಲ್ಲೇ ತೋರಿಸಿತ್ತು. ಮಡಚುವ ಫೋನು ಈ ವರ್ಷ, ಬರೋ ವರ್ಷ ಅಂತ ಸುದ್ದಿ ಓಡ್ತಾನೇ ಇತ್ತು. ಗ್ಯಾಲಕ್ಸಿ ಫೋಲ್ಡ್ ಘೋಷಣೆ ಆದದ್ದು 2019ರ ಫೆಬ್ರವರಿಯಲ್ಲಿ. ಏಪ್ರಿಲ್‌ನಲ್ಲಿ ವಿಮರ್ಶಕರ ಕೈಗೆ ಕೊಟ್ಟರು, ಕೆಲವೇ ದಿನಗಳಲ್ಲಿ ಕೆಲವರ ಪರದೆ ಹಾಳಾಯ್ತು. ಸ್ಕ್ರೀನ್ ಗಾರ್ಡ್ ಅಂದ್ಕೊಂಡು ಪರದೆಯ ಮೇಲ್ಪದರವನ್ನೇ ಕಿತ್ತವರೂ ಇದ್ದರು. ಬಿಡುಗಡೆ ಮುಂದೆ ಹೋಗಿ, ಸುಧಾರಿಸಿದ ಫೋನು ಸೆಪ್ಟೆಂಬರ್‌ಗೆ ಬಂತು.

ಕಾರಣ ಸರಳ. ಮಾಮೂಲಿ ಫೋನಿನಲ್ಲಿ ಗಟ್ಟಿ ಗಾಜು ಎಲ್ಲವನ್ನೂ ಕಾಯುತ್ತೆ. ಮಡಚುವ ಫೋನಿನಲ್ಲಿ ಗಾಜು ಕೂದಲಿನಷ್ಟು ತೆಳು ಇರಬೇಕು, ಅದರ ಮೇಲೆ ಪ್ಲಾಸ್ಟಿಕ್ ಪದರ ಬೇಕು. ಬಾಗಿದಾಗ ಹೊರಮೈ ಹಿಗ್ಗುತ್ತೆ, ಒಳಮೈ ಕುಗ್ಗುತ್ತೆ. ದಿನಕ್ಕೆ ನೂರು ಸಲ ತೆರೆದು ಮುಚ್ಚಿದರೆ ವರ್ಷಕ್ಕೆ 36,500 ಸಲ ಅದೇ ಗೆರೆಯ ಮೇಲೆ ಒತ್ತಡ. ಕೀಲಿನ ಸಂದಿಗೆ ಧೂಳು ಹೋಗಬಾರದು. ಮೇ ತಿಂಗಳ ದೆಹಲಿ ಧೂಳು, ಚೆನ್ನೈನ ಬೆವರು, ಜುಲೈನ ಮುಂಬೈ ಲೋಕಲ್, ಇವೆಲ್ಲ ಲ್ಯಾಬಿನ ಪರೀಕ್ಷೆಗಿಂತ ಕಠಿಣ ಪರೀಕ್ಷಕರು.

ಹಾಗಾಗಿ ತಡವಾಗಿ ಬಂದವರು ಬೇರೆಯವರ ಪೆಟ್ಟುಗಳಿಂದ ಕಲಿತಿರ್ತಾರೆ ಅನ್ನೋದು ನ್ಯಾಯವಾದ ನಿರೀಕ್ಷೆ. ಆದರೆ ಮೊದಲ ಆವೃತ್ತಿ ಮೊದಲ ಆವೃತ್ತಿಯೇ. ವರ್ಷನ್ 1.0 ರಿಲೀಸ್ ಆದ ದಿನ ಪ್ರೊಡಕ್ಷನ್‌ಗೆ ಹಾಕಬೇಡಿ ಅಂತ ಕ್ಲೈಂಟ್‌ಗೆ ಹೇಳೋರು ನಾವೇ ಅಲ್ಲವಾ?

ದೇವನಹಳ್ಳಿಯಲ್ಲಿ ಮಾಡಿದರೆ ಅಗ್ಗ ಆಗುತ್ತಾ?

ಪ್ರತಿ ಸೆಪ್ಟೆಂಬರ್‌ನಲ್ಲಿ ಬರೋ ಇನ್ನೊಂದು ಅಂತೆ ಇದು: ಈಗ ಇಲ್ಲೇ ತಯಾರಾಗುತ್ತಲ್ಲ, ಬೆಲೆ ಇಳಿಯುತ್ತಂತೆ. ನಮಗೆ ಇದರಲ್ಲಿ ಸ್ವಲ್ಪ ಊರಿನ ಅಭಿಮಾನವೂ ಸೇರಿದೆ. ಭಾರತದಲ್ಲಿ ಮೊದಲ ಐಫೋನ್ ಜೋಡಣೆ ಆದದ್ದು 2017ರಲ್ಲಿ ಬೆಂಗಳೂರಿನ ಪೀಣ್ಯದಲ್ಲಿ, ವಿಸ್ಟ್ರಾನ್ ಘಟಕದಲ್ಲಿ, ಐಫೋನ್ ಎಸ್ಇ. ಆಮೇಲೆ ಕೋಲಾರದ ನರಸಾಪುರ, ಅದೀಗ ಟಾಟಾ ಕೈಯಲ್ಲಿದೆ. ಚೆನ್ನೈನವರಿಗೆ ಶ್ರೀಪೆರಂಬುದೂರು ಗೊತ್ತೇ ಇದೆ. 2025ರಲ್ಲಿ ದೇವನಹಳ್ಳಿ ಕಡೆಯ ಫಾಕ್ಸ್‌ಕಾನ್ ಘಟಕದಲ್ಲಿ ಐಫೋನ್ 17ರ ಕೆಲಸ ಶುರುವಾಯ್ತು.

ಆದರೆ ಬೆಲೆ? ಐಫೋನ್ 13ರ ಆರಂಭಿಕ ಬೆಲೆ 79,900 ರೂಪಾಯಿ. 14, 15, 16, ಎಲ್ಲದಕ್ಕೂ ಅದೇ 79,900. ಐಫೋನ್ 17ಕ್ಕೆ 82,900, ಸ್ಟೋರೇಜ್ ದುಪ್ಪಟ್ಟು ಮಾಡಿ.

ನಾನೊಂದು ಲೆಕ್ಕ ಹಾಕಿದೆ, ನೀವೂ ಹಾಕಿ ನೋಡಿ. ನಮ್ಮ ಬೆಲೆಯಲ್ಲಿ ಶೇ. 18 ಜಿಎಸ್‌ಟಿ ಸೇರಿದೆ. ಅಮೆರಿಕದ ಬೆಲೆಯಲ್ಲಿ ಅಲ್ಲಿನ ಮಾರಾಟ ತೆರಿಗೆ ಸೇರಿರಲ್ಲ. 82,900ರಲ್ಲಿ ಜಿಎಸ್‌ಟಿ ತೆಗೆದರೆ ಸುಮಾರು 70,250. ಅಮೆರಿಕದಲ್ಲಿ ಅದರ ಬೆಲೆ 799 ಡಾಲರ್. ಭಾಗಿಸಿದರೆ ಡಾಲರಿಗೆ 88 ರೂಪಾಯಿ. ಫೋನು ಬಂದಾಗಿನ ವಿನಿಮಯ ದರವೂ ಹೆಚ್ಚುಕಡಿಮೆ ಅಷ್ಟೇ. ಅಂದ್ರೆ ಮೂಲ ಮಾಡೆಲ್‌ನಲ್ಲಿ ಇನ್ನು ಇಳಿಯೋಕೆ ಏನೂ ಉಳಿದಿಲ್ಲ. ಈಗ ಐಫೋನ್ 17 ಪ್ರೊ ನೋಡಿ. ಇಲ್ಲಿ 1,34,900, ಅಲ್ಲಿ 1,099 ಡಾಲರ್. ಅದೇ ಲೆಕ್ಕ ಹಾಕಿದರೆ ಡಾಲರಿಗೆ 104 ರೂಪಾಯಿ! ತೆರಿಗೆ ಎರಡಕ್ಕೂ ಒಂದೇ. ಹಾಗಾಗಿ ಉಳಿದ ವ್ಯತ್ಯಾಸಕ್ಕೆ ಜಿಎಸ್‌ಟಿ ಕಾರಣ ಅಲ್ಲ.

ಈಗ ಎರಡು ಸಾವಿರ ಡಾಲರ್ ಅನ್ನೋ ಅಂತೆಯನ್ನು ಈ ತಕ್ಕಡಿಗೆ ಹಾಕಿ. 88ರ ಲೆಕ್ಕದಲ್ಲಿ ಜಿಎಸ್‌ಟಿ ಸೇರಿ ಸುಮಾರು 2,07,700 ರೂಪಾಯಿ. 104ರ ಲೆಕ್ಕದಲ್ಲಿ ಸುಮಾರು 2,45,400. ಎರಡು ವರ್ಷದ ಕಂತು ಅಂದ್ರೆ ತಿಂಗಳಿಗೆ ಎಂಟೂವರೆಯಿಂದ ಹತ್ತು ಸಾವಿರದ ಮೇಲೆ. 2025ರ ಸೆಪ್ಟೆಂಬರ್‌ನ ಜಿಎಸ್‌ಟಿ ಬದಲಾವಣೆಯಲ್ಲಿ ಟಿವಿ, ಎಸಿ ತೆರಿಗೆ ಇಳಿಯಿತು, ಮೊಬೈಲಿನದ್ದು ಶೇ. 18ರಲ್ಲೇ ಉಳಿಯಿತು.

ಮೊದಲ ವರ್ಷ ದುಬಾರಿ, ಆಮೇಲೆ ಇಳಿಯುತ್ತೆ ಬಿಡಿ ಅನ್ನೋರಿಗೆ ಒಂದು ಅಂಕಿ. ಮೊದಲ ಗ್ಯಾಲಕ್ಸಿ ಫೋಲ್ಡ್ 2019ರಲ್ಲಿ ಭಾರತಕ್ಕೆ ಬಂದದ್ದು 1,64,999 ರೂಪಾಯಿಗೆ. 2025ರಲ್ಲಿ ಬಂದ ಏಳನೆಯ ತಲೆಮಾರಿನದ್ದು ಶುರುವಾಗಿದ್ದೇ 1,74,999ಕ್ಕೆ. ಫೋನು ತೆಳುವಾಯ್ತು, ಬಿಲ್ಲು ತೆಳುವಾಗಲಿಲ್ಲ.

ಅಗ್ಗದ ಅಂತೆಗಳೂ ಇವೆ

ಇದು ಬರೀ ದುಬಾರಿ ಫೋನಿನ ಕಥೆ ಅಲ್ಲ. 2016ರ ಫೆಬ್ರವರಿಯಲ್ಲಿ 251 ರೂಪಾಯಿಗೆ ಸ್ಮಾರ್ಟ್‌ಫೋನ್ ಅಂತ ದೇಶವೆಲ್ಲ ಎದ್ದು ಕೂತಿತ್ತು, ನೆನಪಿದೆಯಾ? ಪತ್ರಕರ್ತರಿಗೆ ಕೊಟ್ಟ ಮಾದರಿಯಲ್ಲಿ ಬೇರೊಂದು ಕಂಪನಿಯ ಹೆಸರಿನ ಮೇಲೆ ಬಿಳಿ ಬಣ್ಣ ಬಳಿದಿತ್ತು. ಬರೀ ಪರದೆಯ ಬೆಲೆ ಕೇಳಿದ್ದರೂ ಸಾಕಿತ್ತು, ಲೆಕ್ಕ ಅಲ್ಲೇ ಮುಗೀತಿತ್ತು.

ಜಿಯೋಫೋನ್ ನೆಕ್ಸ್ಟ್ ಹಾಗಲ್ಲ, ಅದು ನಿಜವಾದ ಫೋನು. 2021ರ ಜೂನ್‌ನಲ್ಲಿ ಘೋಷಣೆ ಆಯ್ತು, ಗಣೇಶ ಚತುರ್ಥಿಗೆ ಬರುತ್ತೆ ಅಂದರು. ಮೂರು ನಾಲ್ಕು ಸಾವಿರಕ್ಕೆ ಸಿಗುತ್ತಂತೆ ಅಂತ ಸುದ್ದಿ. ಊರಲ್ಲಿರೋ ಅಪ್ಪ ಅಮ್ಮನಿಗೆ ಅದನ್ನೇ ಕೊಡಿಸೋಣ ಅಂತ ಎಷ್ಟೋ ಜನ ಕಾದರು. ಚಿಪ್ ಕೊರತೆ ಅಂತ ಚೌತಿಯ ಫೋನು ದೀಪಾವಳಿಗೆ ಹೋಯ್ತು, ಬೆಲೆ 6,499 ಆಯ್ತು.

ಕಾಯುವುದರ ಬೆಲೆ ಯಾರು ಕೊಡ್ತಾರೆ?

ನನಗೆ ನಿಜವಾಗಿ ಹೇಳಬೇಕಾದ್ದು ಇದು. ನಮ್ಮ ಮನೆಗಳಲ್ಲಿ ಫೋನಿಗೆ ಒಂದು ಸರಪಳಿ ಇದೆ. ಹೊಸದು ನಮಗೆ. ನಮ್ಮ ಹಳೇದು ತಮ್ಮನಿಗೋ ನಾದಿನಿಗೋ. ಅವರದು ಊರಿನಲ್ಲಿರೋ ಅಪ್ಪನಿಗೆ. ಮೇಲಿನವರು 'ಇರು, ಮಡಚೋದು ಬರಲಿ' ಅಂತ ಕಾದರೆ ಇಡೀ ಸರಪಳಿ ನಿಲ್ಲುತ್ತೆ. ಕೊನೇ ಕೊಂಡಿಯಲ್ಲಿರೋದು ಅಪ್ಪ ಅಮ್ಮ. ಅವರ ಫೋನಿಗೆ ಸೆಕ್ಯುರಿಟಿ ಅಪ್‌ಡೇಟ್ ನಿಂತು ಎಷ್ಟು ವರ್ಷ ಆಯ್ತೋ. ಅದರಲ್ಲೇ ಪಿಂಚಣಿಯ ಬ್ಯಾಂಕ್ ಆ್ಯಪ್, ಅದರಲ್ಲೇ ಯುಪಿಐ, ಅದರಲ್ಲೇ ಗುರುತಿಲ್ಲದವರು ಕಳಿಸೋ ಲಿಂಕು. ನಮ್ಮ ಕೈಯಲ್ಲಿರೋದು ಚೆನ್ನಾಗಿಯೇ ಓಡೋ ಫೋನು, ನಾವು ಇನ್ನೊಂದು ವರ್ಷ ಧಾರಾಳವಾಗಿ ಕಾಯಬಹುದು. ಅಪಾಯ ಇರೋದು ಕಾಯೋ ಆಯ್ಕೆಯೇ ಇಲ್ಲದವರಿಗೆ.

ನಮ್ಮ ಮನೆಯಲ್ಲಿ ನಾನು ಈ ಸರಪಳಿಯನ್ನು ಬಿಡಿಸಿಟ್ಟಿದ್ದೀನಿ. ಊರಿನ ಫೋನಿನ ಖರ್ಚು ಬೇರೆ, ನನ್ನದು ಬೇರೆ. ಒಂದರ ತೀರ್ಮಾನ ಇನ್ನೊಂದಕ್ಕೆ ಕಾಯಲ್ಲ.

ಈ ಸಲ ಹಬ್ಬಕ್ಕೆ ಊರಿಗೆ ಹೋದಾಗ ಹತ್ತು ನಿಮಿಷದ ಕೆಲಸ ಮಾಡಿ. ಅಪ್ಪ ಅಮ್ಮನ ಫೋನ್ ತಗೊಂಡು ಸೆಟ್ಟಿಂಗ್ಸ್‌ನಲ್ಲಿ 'ಅಬೌಟ್ ಫೋನ್' ತೆರೆದು ಆ್ಯಂಡ್ರಾಯ್ಡ್ ಸೆಕ್ಯುರಿಟಿ ಅಪ್‌ಡೇಟ್ ದಿನಾಂಕ ನೋಡಿ. ಎರಡು ವರ್ಷಕ್ಕಿಂತ ಹಳೇದಿದ್ದರೆ ಆ ಫೋನನ್ನು ಈಗಲೇ ಬದಲಿಸಿ. ಹತ್ತು ಹದಿನೈದು ಸಾವಿರದ ಫೋನ್ ಸಾಕು. ಆದರೆ ಕೊಳ್ಳುವಾಗ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಅನ್ನೋದಕ್ಕಿಂತ ಎಷ್ಟು ವರ್ಷ ಅಪ್‌ಡೇಟ್ ಕೊಡ್ತೀರಿ ಅಂತ ಕೇಳಿ. ಗೂಗಲ್ ಪಿಕ್ಸೆಲ್ 8ರಿಂದ, ಸ್ಯಾಮ್‌ಸಂಗ್ ಎಸ್24ರಿಂದ ಏಳು ವರ್ಷದ ಮಾತು ಕೊಟ್ಟಿವೆ. ಅಗ್ಗದ ಫೋನುಗಳಲ್ಲಿ ಇದು ಕಡಿಮೆ, ಕಂಪನಿಯಿಂದ ಕಂಪನಿಗೆ ಬೇರೆ, ಹಾಗಾಗಿ ಕೇಳಲೇಬೇಕು.

ಇನ್ನು ನಿಮ್ಮ ಸ್ವಂತ ಫೋನಿಗೆ ನನ್ನ ಸೂತ್ರ ಇಷ್ಟೇ. ಈಗಿನದು ಬ್ಯಾಟರಿ ಒಂದರಿಂದ ಮಾತ್ರ ಸೋತಿದ್ದರೆ ಬ್ಯಾಟರಿ ಹಾಕಿಸಿ, ಕಾಯಿರಿ. ಪರದೆ ಒಡೆದು ದಿನಾ ಕಾಟ ಕೊಡ್ತಿದ್ದರೆ ಅಂಗಡಿಯಲ್ಲಿ ಇವತ್ತು ಇರೋದರಲ್ಲಿ ಒಂದನ್ನು ಕೊಳ್ಳಿ, 'ಅಂತೆ'ಯನ್ನು ಅಲ್ಲ. ಮಡಚುವ ಐಫೋನೇ ಬೇಕು ಅಂತಿದ್ದರೆ ಅದೂ ತಪ್ಪಲ್ಲ, ನಿಮ್ಮ ದುಡಿಮೆ, ನಿಮ್ಮ ಆಸೆ. ತಿಂಗಳಿಗೆ ಹತ್ತು ಸಾವಿರ ಈಗಿನಿಂದಲೇ ಆರ್‌ಡಿಗೆ ಹಾಕಿ. ಫೋನು ಬಂದರೆ ಮುಂಗಡ ಕೈಯಲ್ಲಿರುತ್ತೆ. ಬರಲಿಲ್ಲ ಅಂದ್ರೂ ದುಡ್ಡು ನಿಮ್ಮ ಹತ್ತಿರವೇ ಇರುತ್ತೆ.

ಬಂದರೆ, ಮೊದಲ ಮಳೆಗಾಲ ಅದು ಹೇಗೆ ದಾಟುತ್ತೆ ಅಂತ ನೋಡಿ ಇನ್ನೊಂದು ಮಾತು ಆಡೋಣ.