ದೋಣಿಯ ಕೋಣೆಗೆ ಹೊಸ ನೆಲ



ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ನಮ್ಮ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮೀನುಗಳ ಸಂತಾನ ಬೆಳೆಯಲೆಂದು ಕೊಟ್ಟ ಬಿಡುವು ಅದು. ಆದರೆ ಮಲ್ಪೆ, ಮಂಗಳೂರಿನ ಬಂದರುಗಳಲ್ಲಿ ಬಡಗಿಗಳಿಗೆ ಇದೇ ಕೈತುಂಬ ಕೆಲಸದ ಕಾಲ. ಬಲೆ ಹೆಣೆಯುವುದು, ಎಂಜಿನ್ ಬಿಚ್ಚುವುದು, ಬಣ್ಣ ಬಳಿಯುವುದು ಎಲ್ಲರಿಗೂ ಕಾಣುತ್ತದೆ. ಇವತ್ತು ನಾವು ಮಾತನಾಡುವುದು ಅಷ್ಟಾಗಿ ಕಾಣದ ಒಂದು ಕೆಲಸದ ಬಗ್ಗೆ. ಕ್ಯಾಬಿನ್ನಿನ ಹಳೆಯ ನೆಲವನ್ನು ತೆಗೆದು ಹೊಸದನ್ನು ಹಾಕುವ ಕೆಲಸ.

ಆಳಸಮುದ್ರಕ್ಕೆ ಹೋಗುವ ದೋಣಿ ಹತ್ತು ದಿನವಾದರೂ ದಡ ಮುಟ್ಟದೆ ಇರಬಹುದು. ಅಷ್ಟೂ ದಿನ ತಾಂಡೇಲ ಮತ್ತು ಅವನ ಜೊತೆಗಾರರು ಮಲಗುವುದು, ಉಣ್ಣುವುದು ಈ ಪುಟ್ಟ ಕೋಣೆಯ ನೆಲದ ಮೇಲೆ. ಅದು ಮನೆಯ ನೆಲದಂತೆ ನುಣ್ಣಗೆ, ಹೊಳೆಯುವಂತೆ ಇರಲಿ ಎಂದು ಅವರಿಗೆ ಅನ್ನಿಸಿದರೆ ಆಶ್ಚರ್ಯವಿಲ್ಲ. ಆದರೆ ಮನೆಯ ನೆಲದ ಕೆಳಗೆ ಇರುವುದು ಮಣ್ಣು. ದೋಣಿಯ ನೆಲದ ಕೆಳಗೆ?

ಅಲ್ಲಿರುವುದು ದೋಣಿಯ ಹೊಟ್ಟೆ. ಬಿಲ್ಜ್ ಎನ್ನುತ್ತಾರೆ. ಸೋರಿದ ಕಡಲ ನೀರು, ಕಿಟಕಿಯಿಂದ ಒಳಬಂದ ಮಳೆನೀರು, ಎಂಜಿನ್ನಿನಿಂದ ತೊಟ್ಟಿಕ್ಕಿದ ಎಣ್ಣೆ ಎಲ್ಲವೂ ಕೊನೆಗೆ ಸೇರುವುದು ಅಲ್ಲಿಗೆ. ನೀರು ಎತ್ತುವ ಪಂಪು, ಪೈಪು, ವಿದ್ಯುತ್ ತಂತಿ ಇರುವುದೂ ಅಲ್ಲಿಯೇ. ಹಲವು ದೋಣಿಗಳಲ್ಲಿ ಎಂಜಿನ್ನೂ ಈ ನೆಲದಡಿಯೇ. ಹಾಗಾಗಿ ದೋಣಿಯ ನೆಲ ನಿಜಕ್ಕೂ ನೆಲವಲ್ಲ, ಮುಚ್ಚಳ. ಬೇಕೆಂದಾಗ, ಕತ್ತಲಲ್ಲಿ, ಅಲೆಯ ಹೊಯ್ದಾಟದ ನಡುವೆಯೂ ಅದನ್ನು ಎತ್ತಲು ಬರಬೇಕು. ಯಾವ ಸಾಮಗ್ರಿ ಎಂಬ ಪ್ರಶ್ನೆ ಇದರ ನಂತರದ್ದು.

ಎತ್ತಲು ಬರಬೇಕು ಎಂಬುದಕ್ಕೆ ನೀರು ಒಂದು ಕಾರಣ. ಇನ್ನೊಂದು ಅದಕ್ಕಿಂತ ಗಂಭೀರವಾದದ್ದು. ದೋಣಿಯಲ್ಲಿ ಅಡುಗೆ ನಡೆಯುವುದು ಬಹುಪಾಲು ಗ್ಯಾಸಿನಲ್ಲಿ. ಸಿಲಿಂಡರಿನೊಳಗಿನ ಪ್ರೊಪೇನ್, ಬ್ಯುಟೇನ್ ಅನಿಲಗಳು ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಮನೆಯಲ್ಲಿ ಸೋರಿದರೆ ಬಾಗಿಲ ಸಂದಿಯಿಂದ ಹೊರಗೆ ಹರಿದುಹೋದೀತು. ದೋಣಿಯಲ್ಲಿ ಅದು ಹಲಗೆಯ ಸಂದಿಗಳಿಂದ ಇಳಿದು ಬಿಲ್ಜಿನಲ್ಲಿ ನೀರಿನಂತೆ ನಿಲ್ಲುತ್ತದೆ. ಹೊರಗೆ ಹೋಗಲು ಅಲ್ಲಿ ದಾರಿಯೇ ಇಲ್ಲ. ಗಾಳಿಯಲ್ಲಿ ನೂರಕ್ಕೆ ಸುಮಾರು 2 ಭಾಗ ಬೆರೆತರೆ ಪಂಪಿನ ಸ್ವಿಚ್ಚಿನ ಒಂದು ಕಿಡಿ ಸಾಕು. ಮುಚ್ಚಳ ಎತ್ತಿ, ಮೂಗಿಟ್ಟು ನೋಡಿ, ಗಾಳಿಯಾಡಿಸಿದ ಮೇಲೆಯೇ ಎಂಜಿನ್ ಚಾಲೂ ಮಾಡಬೇಕು. ಗೋಂದು ಹಾಕಿ ಅಂಟಿಸಿದ ನೆಲದಲ್ಲಿ ಇದು ಹೇಗೆ ಸಾಧ್ಯ?

ಈಗ ಸಾಮಗ್ರಿಗೆ ಬರೋಣ. ರತ್ನಗಂಬಳಿ ನೀರನ್ನು ಹೀರಿ ಹಿಡಿದಿಡುತ್ತದೆ, ಅಡಿಯ ಮರವನ್ನು ಒಣಗಗೊಡುವುದಿಲ್ಲ. ಅಂಟಿಸಿದ ವಿನೈಲ್ ಹಾಳೆಯದೂ ಅದೇ ಕಥೆ. ಜೊತೆಗೆ, ಬೆಂಕಿ ಬಿದ್ದರೆ ಅದರಿಂದ ಹೈಡ್ರೋಜನ್ ಕ್ಲೋರೈಡಿನ ಉಸಿರುಗಟ್ಟಿಸುವ ಹೊಗೆ ಬರುತ್ತದೆ. ಇನ್ನು ಟೈಲ್ಸ್. ಒಂದು ಸಣ್ಣ ಲೆಕ್ಕ ಮಾಡಿ. 2 ಮೀಟರ್ ಉದ್ದ, 2 ಮೀಟರ್ ಅಗಲದ ಕೋಣೆ. 18 ಮಿ.ಮೀ. ದಪ್ಪದ ಪ್ಲೈವುಡ್ ಹಾಕಿದರೆ, ಘನ ಮೀಟರಿಗೆ 600 ಕೆ.ಜಿ.ಯಂತೆ, ಸುಮಾರು 43 ಕೆ.ಜಿ. 8 ಮಿ.ಮೀ. ಟೈಲ್ಸಿಗೆ 25 ಮಿ.ಮೀ. ಸಿಮೆಂಟ್ ಗಾರೆ ಸೇರಿದರೆ, ಘನ ಮೀಟರಿಗೆ 2,000 ಕೆ.ಜಿ. ಎಂದು ಹಿಡಿದರೂ 264 ಕೆ.ಜಿ. ಮೂರು ಮಂದಿ ಆಳುಗಳನ್ನು ಸದಾಕಾಲ ಕ್ಯಾಬಿನ್ನಿನಲ್ಲಿ ನಿಲ್ಲಿಸಿದ ಹಾಗೆ! ಭಾರ ಮೇಲಕ್ಕೇರಿದಷ್ಟೂ ಗುರುತ್ವ ಕೇಂದ್ರವೂ ಮೇಲೇರುತ್ತದೆ, ವಾಲಿದ ದೋಣಿ ನೆಟ್ಟಗಾಗುವ ಶಕ್ತಿ ಕುಗ್ಗುತ್ತದೆ. ದೋಣಿಯ ಮೈ ಅಲೆಗೆ ಬಳುಕುವುದರಿಂದ ಟೈಲ್ಸು ಬಿರುಕು ಬಿಡುವುದಂತೂ ಖಂಡಿತ.

ನನ್ನ ಮಟ್ಟಿಗೆ ಉಳಿಯುವುದು ಎರಡೇ: ಸಾಗುವಾನಿ ಹಲಗೆ, ಇಲ್ಲವೇ ಮೆರೈನ್ ಪ್ಲೈವುಡ್. ಸಾಗುವಾನಿಯಲ್ಲಿ ತನ್ನದೇ ಎಣ್ಣೆಯಂಶವಿದೆ, ಸುಲಭಕ್ಕೆ ಲಡ್ಡಾಗದು. ಬೆಲೆ ಮಾತ್ರ ಎಲ್ಲರ ಕೈಗೆ ಎಟುಕುವಂಥದ್ದಲ್ಲ. ಪ್ಲೈವುಡ್ಡಿನಲ್ಲಿ ಒಂದು ಪದರದ ಎಳೆ ಉದ್ದಕ್ಕಿದ್ದರೆ ಮುಂದಿನದು ಅಡ್ಡಕ್ಕೆ. ನೀರು ಕುಡಿದ ಮರ ಎಳೆಯ ಉದ್ದಕ್ಕೆ ಹಿಗ್ಗುವುದು ತೀರ ಕಡಿಮೆ, ಅಡ್ಡಕ್ಕೆ ಹೆಚ್ಚು. ಆದ್ದರಿಂದ ಪದರಗಳು ಒಂದನ್ನೊಂದು ಹಿಡಿದು ನಿಲ್ಲಿಸುತ್ತವೆ. ಹಾಳೆಯ ಮೇಲೆ ಐ.ಎಸ್. 710 ಎಂಬ ಮುದ್ರೆಯಿದೆಯೇ ನೋಡಿ. ಅದರ ತುಂಡನ್ನು 72 ಗಂಟೆ ನೀರಿನಲ್ಲಿ ಕುದಿಸಿದರೂ ಪದರ ಬಿಡಬಾರದೆಂಬುದು ಆ ಮಾನದಂಡದ ಪರೀಕ್ಷೆ. ಮುದ್ರೆಯ ಮೇಲೆ ಪೂರ್ತಿ ನಂಬಿಕೆಯಿಲ್ಲದಿದ್ದರೆ ಅಂಗೈಯಗಲದ ತುಂಡೊಂದನ್ನು ಹಳೆಯ ಪಾತ್ರೆಯಲ್ಲಿ ದಿನವಿಡೀ ಕುದಿಸಿ. ಕಳಪೆ ಮಾಲು ಪುಸ್ತಕದ ಹಾಳೆಯಂತೆ ಬಿಚ್ಚಿಕೊಳ್ಳುತ್ತದೆ. ಅಂಚಿನಲ್ಲಿ ಟೊಳ್ಳು ಸಂದಿಗಳಿದ್ದರೂ ಬೇಡ.

ಹಳೆಯ ನೆಲ ತೆಗೆದ ಕೂಡಲೇ ಹೊಸದನ್ನು ಹಾಕಲು ಅವಸರ ಬೇಡ. ಅದು ಹಾಳಾದದ್ದು ಏಕೆ ಎಂದು ಹುಡುಕಿ. ಸ್ಕ್ರೂಡ್ರೈವರಿನ ತುದಿಯಿಂದ ಕೆಳಗಿನ ತೊಲೆಗಳನ್ನು ಒಂದೊಂದಾಗಿ ಚುಚ್ಚಿ. ಮೆತ್ತಗೆ ಒಳಹೋದರೆ ಅದೂ ಲಡ್ಡು. ಮರವನ್ನು ತಿನ್ನುವ ಶಿಲೀಂಧ್ರಕ್ಕೆ ಬೇಕಾದದ್ದು ತೇವ: ಮರದ ಒಣತೂಕದ ನೂರಕ್ಕೆ 20ಕ್ಕಿಂತ ಹೆಚ್ಚು. ಉಪ್ಪುನೀರಿಗಿಂತ ಸಿಹಿನೀರೇ ಅದಕ್ಕೆ ಹೆಚ್ಚು ಹಿತ. ಆದ್ದರಿಂದ ಕಡಲಿಗಿಂತ ಮೊದಲು ಸಂಶಯಪಡಬೇಕಾದದ್ದು ಸೋರುವ ಕಿಟಕಿಯನ್ನು.

ನಮ್ಮ ಕರಾವಳಿಯ ನಿಜವಾದ ತೊಡಕು ಇರುವುದು ಇಲ್ಲಿಯೇ. ದುರಸ್ತಿಗೆ ಸಿಗುವ ಎರಡು ತಿಂಗಳೂ ಜಡಿಮಳೆ. ಆ ಗಾಳಿಯಲ್ಲಿ ನೆರಳಿನಲ್ಲಿಟ್ಟ ಮರದಲ್ಲೂ ನೂರಕ್ಕೆ 18ರ ಆಸುಪಾಸು ತೇವವಿರುತ್ತದೆ, ಬೇಸಿಗೆಯಲ್ಲಿ 12-13ಕ್ಕೆ ಇಳಿಯುತ್ತದೆ. 15 ಸೆಂ.ಮೀ. ಅಗಲದ ಸಾಗುವಾನಿ ಹಲಗೆ ಅಷ್ಟರಲ್ಲಿ ಒಂದೂವರೆ ಮಿ.ಮೀ.ವರೆಗೆ ಕುಗ್ಗಬಹುದು. ಜುಲೈಯಲ್ಲಿ ಬಿಗಿಯಾಗಿ ಕೂತ ನೆಲ ಏಪ್ರಿಲಿನಲ್ಲಿ ಕಿರುಗುಡುವುದು ಇದಕ್ಕೇ. ಒದ್ದೆ ಮರದ ಮೇಲೆ ಬಳಿದ ಇಪಾಕ್ಸಿಯೂ ಸರಿಯಾಗಿ ಕಚ್ಚದು, ತೇವದ ಗಾಳಿಯಲ್ಲಿ ಅದರ ಮೇಲ್ಮೈ ಜಿಡ್ಡುಗಟ್ಟುತ್ತದೆ. ಬಂದರಿನಲ್ಲಿ ಚಿತ್ರೀಕರಣಕ್ಕೆ ಹೋದಾಗ ಹಿರಿಯ ಬಡಗಿಯೊಬ್ಬರು ಹಲಗೆಗಳನ್ನು ಮನೆಯಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿ ತಂದದ್ದನ್ನು ಕಂಡೆ. ನೀವಾದರೆ ಒಂದು ತುಂಡನ್ನು ದಿನಾ ತೂಗಿ ಬರೆದಿಡಿ. ಮೂರು ದಿನ ತೂಕ ಇಳಿಯದೆ ನಿಂತರೆ, ಆ ಜಾಗದಲ್ಲಿ ಒಣಗುವಷ್ಟು ಒಣಗಿದೆ ಎಂದರ್ಥ.

ದೋಣಿಯ ಕೋಣೆಯಲ್ಲಿ ನೇರವಾದ ಮೂಲೆಯೇ ಇರುವುದಿಲ್ಲ. ಅಳತೆಪಟ್ಟಿ ಬಿಟ್ಟು ದಪ್ಪ ರಟ್ಟನ್ನು ಕತ್ತರಿಸಿ ಆಕಾರ ತೆಗೆದುಕೊಳ್ಳಿ. ಸುತ್ತ 2-3 ಮಿ.ಮೀ. ಸಂದಿಯಿರಲಿ. ಒಬ್ಬನೇ ಎತ್ತುವಷ್ಟು ಸಣ್ಣ ತುಂಡುಗಳಾಗಿ ಮಾಡಿ. ಇಪಾಕ್ಸಿಯನ್ನು ಮೇಲ್ಗಡೆ ಎಷ್ಟು ಸಲ ಬಳಿದಿರೋ ಕೆಳಗಡೆಯೂ ಅಷ್ಟೇ ಸಲ ಬಳಿಯಿರಿ. ಇಲ್ಲವಾದರೆ ಒಂದೇ ಬದಿ ತೇವ ಹೀರಿ ಹಲಗೆ ಡೊಂಕಾಗುತ್ತದೆ. ಕತ್ತರಿಸಿದ ಅಂಚಿಗೆ, ಸ್ಕ್ರೂ ಕೊರೆದ ತೂತಿಗೆ ಇನ್ನೊಂದು ಸಲ ಹೆಚ್ಚು. ಕೊನೆಯ ಲೇಪಕ್ಕೆ ತೊಳೆದು ಒಣಗಿಸಿದ ನಯವಾದ ಮರಳು ಉದುರಿಸಿದರೆ ಒದ್ದೆ ಕಾಲು ಜಾರದು. ಹಿತ್ತಾಳೆಯ ಸ್ಕ್ರೂ ಬೇಡ, ಉಪ್ಪುನೀರು ಅದರ ಸತುವನ್ನು ಕರಗಿಸಿ ಒಯ್ಯುತ್ತದೆ. 316 ದರ್ಜೆಯ ಸ್ಟೀಲು ಒಳ್ಳೆಯದು. ಹಿಡಿಕೆ ಮೇಲ್ಮೈಗೆ ಸಮನಾಗಿ ಹುದುಗಿರಲಿ. ದೋಣಿ ವಾಲಿದಾಗ ಹಲಗೆ ಹಾರದಂತೆ ತಿರುಗುವ ಚಿಲಕವೂ ಬೇಕು.

ಮರದ ದೋಣಿಯಾದರೆ, ನೀರಿಗಿಳಿಸಿದ ಮೊದಲ ದಿನ ನೆಲ ಹಾಕಬೇಡಿ. ಎರಡು ತಿಂಗಳು ದಡದಲ್ಲಿದ್ದ ಹಲಗೆಗಳ ಜೋಡಣೆಯಲ್ಲಿ ನೀರು ಒಸರುತ್ತದೆ, ಮರ ಹಿಗ್ಗಿದಂತೆ ತಾನೇ ನಿಲ್ಲುತ್ತದೆ. ಟಾರ್ಚು ಹಿಡಿದು ಕೂತು ನೋಡಿ. ಮರುದಿನವೂ ಒಸರು ನಿಲ್ಲದ ಜಾಗಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿ, ಬಡಗಿಯನ್ನು ಕರೆಸಿ.