ಅರ್ಧ ಕೋಯ್ತಾ

(ಸಕ್ಕರೆ ಕಾರ್ಖಾನೆ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣದ ಸಾರಾಂಶ)



ಬಾಲ್ಯವಿವಾಹದ ಮಾತು ಬಂದೊಡನೆ ನಮ್ಮ ಭಾಷಣಕಾರರು ಕಂದಾಚಾರವನ್ನು ಬೈಯಲು ತೊಡಗುತ್ತಾರೆ. ಬೈಯಲಿ, ತಪ್ಪಿಲ್ಲ. ಆದರೆ ಮಹಾರಾಷ್ಟ್ರದ ಬೀಡ್ ಜಿಲ್ಲೆಯನ್ನು ನೋಡಿದರೆ, ಅಲ್ಲಿ ಹುಡುಗಿಯ ಲಗ್ನವನ್ನು ಗೊತ್ತುಮಾಡುವುದು ಪುರೋಹಿತನಿಗಿಂತ ಹೆಚ್ಚಾಗಿ ಮಳೆ ಮತ್ತು ಮುಕಾದಮ.

ಬೀಡ್ ಮಳೆಯನ್ನೇ ನಂಬಿದ ಸೀಮೆ. 2012ರಿಂದ 2018ರೊಳಗೆ ಮರಾಠವಾಡೆಗೆ ಮೇಲಿಂದ ಮೇಲೆ ಬರ ಬಿತ್ತು. 2016ರಲ್ಲಿ ಪಕ್ಕದ ಲಾತೂರಿಗೆ ಕುಡಿಯುವ ನೀರನ್ನು ಮೀರಜದಿಂದ ರೈಲಿನಲ್ಲಿ ಸಾಗಿಸಬೇಕಾಯಿತು. ಬರ ಹಿಂದೆಯೂ ಇತ್ತಲ್ಲ ಎನ್ನುವಿರಿ. ಇತ್ತು. ಆದರೆ ಗಾಳಿ ಒಂದು ಡಿಗ್ರಿ ಹೆಚ್ಚು ಕಾದರೆ ಶೇಕಡಾ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಡಬಲ್ಲುದು. ನೆಲ ಬೇಗ ಒಣಗುತ್ತದೆ. ಮಳೆ ಬಂದರೆ ಒಮ್ಮೆಗೇ ಸುರಿದು ಹೋಗುತ್ತದೆ. ಈ ಕಾವನ್ನು ಏರಿಸಿದವರು ಕಲ್ಲಿದ್ದಲು, ಎಣ್ಣೆ ಸುಟ್ಟು ಲಾಭ ಉಂಡವರು. ಬೀಡಿನ ಒಣಬೇಸಾಯದ ರೈತನಲ್ಲ.

ಬೆಳೆ ಹೋದ ಆ ರೈತ ಮುಕಾದಮನಿಂದ ಮುಂಗಡ ಹಿಡಿದು, ಆರು ತಿಂಗಳು ಕಬ್ಬು ಕಡಿಯಲು ಗುಳೆ ಹೋಗುತ್ತಾನೆ. ಪಶ್ಚಿಮ ಮಹಾರಾಷ್ಟ್ರಕ್ಕೆ ಹೋಗುತ್ತಾನೆ, ನಮ್ಮ ಬೆಳಗಾವಿ ಕಡೆಗೂ ಬರುತ್ತಾನೆ. ಅಲ್ಲಿ ಲೆಕ್ಕ ಆಳಿನದಲ್ಲ, ಜೋಡಿಯದು. ಗಂಡ ಕಡಿಯಬೇಕು, ಹೆಂಡತಿ ಹೊರೆ ಕಟ್ಟಿ ತಲೆಯ ಮೇಲೆ ಹೊರಬೇಕು. ಇಬ್ಬರೂ ಸೇರಿ ಒಂದು 'ಕೋಯ್ತಾ'. ಕೋಯ್ತಾ ಎಂದರೆ ಕಬ್ಬು ಕಡಿಯುವ ಕತ್ತಿ. ಮನುಷ್ಯರಿಗೆ ಕತ್ತಿಯ ಹೆಸರು! ಒಂಟಿ ಆಳು ಅರ್ಧ ಕೋಯ್ತಾ, ಅವನ ಮುಂಗಡವೂ ಅರ್ಧ. ಆದ್ದರಿಂದ ಹಂಗಾಮಿಗೆ ಮುಂಚೆ ಹುಡುಗನಿಗೆ ಹೆಂಡತಿ ಬೇಕು. ಹುಡುಗಿಯ ತಾಯಿತಂದೆಗೆ ಇನ್ನೊಂದು ಚಿಂತೆ: ಬೆಳೆದ ಮಗಳನ್ನು ಊರಿನಲ್ಲಿ ಯಾರ ಬಳಿ ಬಿಡುವುದು? ಜೊತೆಗೆ ಕರೆತಂದರೆ ಹೊಲದ ಬದಿಯ ಗುಡಿಸಲಿಗೆ ಬಾಗಿಲಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಬೀಡಿನಲ್ಲಿ 20ರಿಂದ 24 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 44 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಇಡೀ ದೇಶದಲ್ಲಿ 23.

ಕಾನೂನಿಗೆ ಕೊರತೆಯಿಲ್ಲ. 1929ರದು ಇತ್ತು, 2006ರದು ಇದೆ. ಪೋಲೀಸರು ಚಪ್ಪರ ಕೀಳಿಸಬಲ್ಲರು; ಮುಂಗಡದ ಲೆಕ್ಕವನ್ನು ಕೀಳಿಸುವವರಾರು? 2021ರಲ್ಲಿ ಮಹಾರಾಷ್ಟ್ರ ಸರ್ಕಾರ ಕಬ್ಬು ಕಡಿಯುವವರ ಮಕ್ಕಳಿಗೆ ವಿದ್ಯಾರ್ಥಿನಿಲಯಗಳ ಯೋಜನೆ ತಂದಿತು. ಅದು ಒಳ್ಳೆಯದೇ. ಆದರೂ ಜೋಡಿಯ ಲೆಕ್ಕ ಇದ್ದಲ್ಲೇ ಇದೆ.

ನಾವು ಅರೆಯುವ ಕಬ್ಬು, ಅಂಗಡಿಯವರು ತೂಗುವ ಸಕ್ಕರೆ ಇಂಥ ಕೈಗಳಿಂದಲೇ ಬರುತ್ತದೆ. ಆದರೆ ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಅವರ ಹೆಸರಿಲ್ಲ. ಹಂಗಾಮಿನ ಮಾತುಕತೆಗೆ ನಮ್ಮ ಸಂಘ ಕೂಡುವಾಗ, ಕಡಿಯುವ ಪ್ರತಿಯೊಬ್ಬರಿಗೂ ಬೇರೆ ಲೆಕ್ಕ, ಹೆಂಗಸಿನ ಕೂಲಿ ಹೆಂಗಸಿನ ಕೈಗೆ ಎಂಬ ಬೇಡಿಕೆಯನ್ನು ಬೋನಸ್ಸಿಗಿಂತ ಮೇಲೆ ಬರೆಯಬೇಕೆಂದು ನಾವು ಕೇಳುತ್ತೇವೆ. ಕೆಲವು ಗೆಳೆಯರಿಗೆ ಇದು ಹಿಡಿಸಿಲ್ಲ, ಬಲ್ಲೆವು. ಅವರು ಈಗಲೇ ಎದ್ದು ಮಾತಾಡಲಿ.